ಟ್ಯಾಂಕಿಗಿಂತ ಮೇಲಿನ ಐದು ಮನೆ

ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ಎಸ್ಟೇಟಿನ ಕಾರ್ಮಿಕರ ಲೈನ್‌ಮನೆಗಳಿಂದ ಡಿಗ್ರಿ ಮುಗಿಸಿದವಳು ಮೊದಲು ನಾನೇ. ಹೇಳಿಕೊಳ್ಳಲು ಸಂಕೋಚವಿಲ್ಲ, ಬಸ್ಸಿನಲ್ಲಿ ನಿಂತುಕೊಂಡೇ ಓದಿದ ಡಿಗ್ರಿ ಅದು. ನಮ್ಮದೂ ಸೇರಿ ಮೇಲಿನ ಐದು ಮನೆಗಳಿಗೆ ನೀರು ನಿಂತುಹೋದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನನ್ನನ್ನೇ ಕರೆದರು.

"ಪ್ಲಂಬರ್ ಬುಧವಾರ ಒಂದೇ ದಿನ ಬರೋದು. ಪೈಪ್ ಎಲ್ಲೆಲ್ಲಿ ಹೋಗಿದೆ ಅಂತ ನಕ್ಷೆ ಮಾಡಿಡಮ್ಮ. ಗುಡ್ಡ ಪೂರ್ತಿ ಅಗೆಸಕ್ಕಾಗಲ್ಲ."

ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ತೆರೆದು ನಕ್ಷೆ ಬಿಡಿಸುವ ಪುಟವೊಂದನ್ನು ಹುಡುಕಿದೆ. ಚೌಕ, ಬಾಣ, ಗೆರೆ ಎಲ್ಲವೂ ಆ ಪುಟದಲ್ಲೇ ಇದ್ದವು; ಏನನ್ನೂ ಇಳಿಸಿಕೊಳ್ಳಬೇಕಿರಲಿಲ್ಲ. ಒಂದು ಚೌಕವನ್ನು ಎಳೆದರೆ ಅದಕ್ಕೆ ಅಂಟಿದ ಬಾಣವೂ ಉದ್ದವಾಗುತ್ತಾ ಹಿಂದೆಯೇ ಬರುತ್ತಿತ್ತು. ಕೆಲಸ ಬಿಟ್ಟು ಅದನ್ನೇ ಎಳೆದಾಡಿ ನೋಡಿದೆ. ಕೊನೆಗೆ ಗುಡ್ಡದ ಮೇಲಿನ ಒರತೆಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಮೇಲಿನ ಐದು, ಕೆಳಗಿನ ಐದು, ಹೀಗೆ ಹತ್ತೂ ಮನೆಗಳಿಗೆ ಬಾಣ ಹಾಕಿದೆ. ಚೆಂದ ಕಾಣಿಸಿತು.

ಎಸ್ಟೇಟಿನ ಪೈಪುಗಳನ್ನೆಲ್ಲ ಹೂತವರು ಅಪ್ಪ. ಓದು ಬಾರದು. ಪಕ್ಕದಲ್ಲಿ ಕೂತು ಬಾಣಗಳ ಮೇಲೆ ಬೆರಳಾಡಿಸಿದರು.

"ನಮ್ಮನೆಗೂ ಟ್ಯಾಂಕಿಂದ್ಲೇ ಕೊಟ್ಟಿದ್ದೀಯಾ?"

"ಹೂಂ."

"ಟ್ಯಾಂಕಿಂದ ಮನೆಗೆ ಹತ್ತಿ ಬರೋವಾಗ ನಿಂಗೇ ಏದುಸಿರು ಬರುತ್ತೆ. ನೀರು ಸುಮ್ನೆ ಹತ್ತಿ ಬರುತ್ತಾ?"

ನಾಚಿಕೆಯಾಯಿತು. ದಿನಾ ಹತ್ತುವ ಏರು, ಪರದೆಯ ಮೇಲೆ ಇರಲೇ ಇಲ್ಲ.

ಒರತೆಯಿಂದ ಟ್ಯಾಂಕಿಗೆ ಬರುವ ಪೈಪನ್ನೇ ನಡುವೆ ಕವಲೊಡೆಸಿ ಮೇಲಿನ ಐದು ಮನೆಗಳಿಗೆ ಕೊಟ್ಟಿದ್ದರಂತೆ. ಕೆಟ್ಟಿದ್ದರೆ ಆ ಕವಲಿನ ಜೋಡೇ ಕೆಟ್ಟಿರಬೇಕು ಎಂದರು. ಎಲ್ಲಿದೆ ಎಂದು ಕೇಳಿದೆ.

"ಒರತೆಯಿಂದ ಎರಡನೇ ಸಿಲ್ವರ್ ಓಕ್ ಮರ, ಅದ್ರಿಂದ ಕೆಳಗೆ ನಾಲ್ಕು ಹೆಜ್ಜೆ."

ಹಾಗೆಯೇ ಬರೆದೆ. ಪರದೆಯ ಮೇಲೆ ಕವಲಿನ ಗೆರೆಯನ್ನು ಅಪ್ಪನೇ ಎಳೆದರು. ಅದು ಬಾಗಿಕೊಂಡು ಬಂದಾಗ, "ಜಿ.ಐ. ಕಬ್ಬಿಣದ ಪೈಪು ಹಿಂಗೆ ಬಗ್ಗಿದ್ರೆ ನನ್ನ ಸೊಂಟ ಉಳೀತಿತ್ತು" ಎಂದು ನಕ್ಕರು.

ಬುಧವಾರ ಅಪ್ಪ ಮರದಿಂದ ನಾಲ್ಕು ಹೆಜ್ಜೆ ಇಟ್ಟು ನಿಂತರು. ಅಲ್ಲಿ ಅಗೆದರೆ ಬರೀ ಮಣ್ಣು. ಪ್ಲಂಬರ್ ಗಡಿಯಾರ ನೋಡಿಕೊಂಡ. ಇವತ್ತು ಸಿಗದಿದ್ದರೆ ಇನ್ನೆಷ್ಟು ದಿನ ಕೆಳಗಿನ ಮನೆಗಳಿಂದ ಕೊಡ ಹೊರಬೇಕೋ.

ಅಪ್ಪ ತಮ್ಮ ಕಾಲನ್ನೇ ನೋಡುತ್ತಾ ನಿಂತಿದ್ದರು. "ಪೈಪು ಹಾಕೋವಾಗ ನಂಗೆ ನಿನ್ನಷ್ಟೇ ವಯಸ್ಸು ಮಗಾ. ಆಗಿನ ಹೆಜ್ಜೆ ಇಷ್ಟು ಗಿಡ್ಡ ಇರಲಿಲ್ಲ" ಎಂದು ಇನ್ನೊಂದೂವರೆ ಹೆಜ್ಜೆ ಕೆಳಗಿಳಿದರು. "ಇಲ್ಲಿ ಹಾಕು."

ಪಿಕಾಸಿ ಠಣ್ ಎಂದಿತು.

ಕೆಟ್ಟ ಜೋಡು ಬದಲಾಯಿಸಿದ ಮೇಲೆ ಸಂಜೆಗೆ ಐದೂ ಮನೆಗಳಲ್ಲಿ ನೀರು ಬಂತು. ಗುಂಡಿ ಮುಚ್ಚುವ ಮೊದಲೇ ಪ್ಲಂಬರನ ಟೇಪು ಇಸಿದುಕೊಂಡು ಮರದಿಂದ ಜೋಡಿನವರೆಗೆ ಅಳೆದಿದ್ದೆ: ಹನ್ನೆರಡೂವರೆ ಅಡಿ. ನಕ್ಷೆಯಲ್ಲಿ ಹೆಜ್ಜೆ ಅಳಿಸಿ ಅಡಿ ಬರೆದೆ.