ಹಗೇವಿನೊಳಗಿನ ಗಾಳಿ

ಮಹೇಶ್ವರಿ ಗಜೇಂದ್ರಗಡದ ನೇಕಾರರ ಮನೆಯ ಮಗಳು. ಅಬ್ಬಿಗೇರಿಗೆ ಸೊಸೆಯಾಗಿ ಬಂದ ಮೇಲೆ ಊರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಅದಕ್ಕೆ ಬಣ್ಣವಿಲ್ಲ, ಅದರಲ್ಲಿ ದೀಪ ಉರಿಯದು ಎಂದು ಪ್ರತಿವರ್ಷ ಮಕ್ಕಳಿಂದ ಹೇಳಿಸುವಳು. ಅವಳಿಗೂ ಅದು ಪರೀಕ್ಷೆಗೆ ಬರುವ ಮಾತಷ್ಟೇ ಆಗಿತ್ತು.

ಅವರ ಹಿತ್ತಲಲ್ಲಿ ಒಂದು ಹಗೇವು ಇತ್ತು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಕೋಣೆಯಷ್ಟು ಅಗಲ. ಊರಲ್ಲಿ ಎಲ್ಲರೂ ಮುಚ್ಚಿಸಿದರೂ ಮಾವ ಹೂವಪ್ಪ ತನ್ನದನ್ನು ಉಳಿಸಿಕೊಂಡಿದ್ದ. ಈ ಸಲ ಮಳೆನೀರು ಇಳಿದು ಕಾಳು ಮುಗ್ಗುತ್ತಿತ್ತು. ಜೋಳ ಹೊರಗೆ ತೆಗೆಯಲೇಬೇಕಾಯಿತು.

ಮೈದುನ ಕೊಟ್ರೇಶ ಇಳಿಯಲು ಸಿದ್ಧನಾದ.

"ಮಾವಾರ, ಮೊದಲ ಒಂದು ದೀಪಾ ಇಳಿಸಿ ನೋಡ್ರಿ," ಎಂದಳು ಮಹೇಶ್ವರಿ.

"ಮುಂಜಾನಿಂದ ಬಾಯಿ ತಗದೇವಿ. ಕೆಟ್ಟ ಗಾಳಿ ಹೋಗೇತಿ ಬಿಡವಾ."

"ಹಗ್ಗಾನರ ಕಟ್ಗೋ ಕೊಟ್ರೇಶ. ನನಗ ಅಂಜಿಕಿ ಬರಾಕತ್ತೇತಿ."

"ನಿಮ್ಮ ಸಮಾಧಾನಕ್ಕ ಕಟ್ಗೋತೀನಿ ವೈನಿ," ಎಂದು ಅವನು ನಗುತ್ತ ಕಂಕುಳಡಿ ಹಗ್ಗ ಬಿಗಿದುಕೊಂಡು ಏಣಿ ಇಳಿದ.

"ಬುಟ್ಟಿ ಬಿಡ್ರಿ," ಎಂಬ ದನಿ ಕೇಳಿಸಿತು. ಬುಟ್ಟಿ ಬಿಟ್ಟರು. ಕೆಳಗೆ ಯಾರೂ ಅದನ್ನು ಹಿಡಿಯಲಿಲ್ಲ. ಕೂಗಿದರೆ ಉತ್ತರವಿಲ್ಲ. ಬಗ್ಗಿ ನೋಡಿದರೆ ಕೊಟ್ರೇಶ ಜೋಳದ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋದವನಂತೆ ಬಿದ್ದಿದ್ದ.

ಅವಳ ಗಂಡ ಕಲ್ಲೇಶ ಏಣಿಗೆ ಕಾಲು ಹಾಕಿದ. ಮಹೇಶ್ವರಿ ಹಿಂದಿನಿಂದ ಅವನ ಸೊಂಟ ತಬ್ಬಿ ಕುಸಿದು ಕುಳಿತಳು.

"ಬಿಡ, ಅವ ಸಾಯಾಕತ್ತಾನ!"

"ನೀವು ಇಳಿದ್ರ ಇಬ್ಬರೂ ಸಾಯ್ತೀರಿ. ಹಗ್ಗಾ ಜಗ್ರಿ!"

ಮೂವರೂ ಜಗ್ಗಿದರು. ಕೊಟ್ರೇಶನ ಮೈ ಮೇಲಕ್ಕೆ ಬಂದು ಹಗೇವಿನ ಬಾಯಿಯ ಅಂಚಿಗೆ ಭುಜ ಸಿಕ್ಕಿಬಿತ್ತು. ಗಂಟು ಬಿಚ್ಚಿಕೊಂಡು ಅವನು ಮತ್ತೆ ಬಿದ್ದರೆ ಯಾರೂ ಇಳಿಯುವಂತಿಲ್ಲ. ತುಸು ಸಡಿಲಿಸಿ, ಹಗ್ಗ ತಿರುವಿ, ಮತ್ತೆ ಎಳೆದರು. ಈ ಸಲ ಬಂದ. ತುಟಿಗಳು ನೀಲಿಗಟ್ಟಿದ್ದವು. ಅವಳು ಅವನ ಗದ್ದ ಎತ್ತಿ ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಏನೂ ಇಲ್ಲ. ಮತ್ತೆ ಊದಿದಳು, ಮತ್ತೆ. ಕೊನೆಗೊಮ್ಮೆ ಅವನು ಕೆಮ್ಮಿದ. ರೋಣದ ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದರು. ಬದುಕಿದ.

ಮನೆಗೆ ಬಂದ ಮೇಲೆ ಅವನು ಹೇಳಿದ್ದಿಷ್ಟು: "ಮುಗ್ಗ ವಾಸನಿ ಬಿಟ್ಟ ಬ್ಯಾರೆ ಏನೂ ಗೊತ್ತಾಗಲಿಲ್ಲ ವೈನಿ. ಮೊಣಕಾಲ ಸೋತ್ವು, ಅಷ್ಟ."

ಆ ಮಾತಿಗೆ ಅವಳು ಇನ್ನಷ್ಟು ಹೆದರಿದಳು.

ಹೂವಪ್ಪನೇ ಕಂದೀಲು ತಂದು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಇಳಿಬಿಟ್ಟ. ಅರ್ಧ ಇಳಿಯುವುದರೊಳಗೆ ಯಾರೋ ಚಿವುಟಿದಂತೆ ಬತ್ತಿ ಆರಿತು.

"ಅಲ್ಲೇನ ಐತವಾ?"

"ಹಸಿ ಕಾಳು, ಬೂಷ್ಟು, ಎಲ್ಲಾ ನಮ್ಹಂಗ ಉಸರಾಡ್ತಾವ್ರಿ. ಆಕ್ಸಿಜನ್ ತಿಂದು ಇಂಗಾಲದ ಡೈಆಕ್ಸೈಡ್ ಬಿಡ್ತಾವು. ಅದು ಭಾರ. ಬಾಯಿ ತಗದಿಟ್ರೂ ಮ್ಯಾಲ ಬರೂದಿಲ್ಲ, ನೀರಿನಂಗ ತಳದಾಗ ನಿಂದರ್ತೈತಿ."

ಹೂವಪ್ಪ ಆರಿದ ಕಂದೀಲನ್ನು ಮೇಲೆಳೆದುಕೊಂಡ. ಮರುದಿನ ಟ್ರ್ಯಾಕ್ಟರಿನಲ್ಲಿ ಎರೆಮಣ್ಣು ತರಿಸಿ, ಜೋಳ ಒಳಗಿರುವಂತೆಯೇ ಹಗೇವು ತುಂಬಿಸಿದ.

ಮಣ್ಣು ಸುರಿಯುವ ಸದ್ದು ಕೇಳಲಾಗದೆ ಮಹೇಶ್ವರಿ ಒಳಗೆ ಬಂದಳು. ಪಡಸಾಲೆಯಲ್ಲಿ ಕೊಟ್ರೇಶ ಮಲಗಿದ್ದ. ಎದೆ ಏರಿಳಿಯುತ್ತಿರುವುದು ಕಾಣುತ್ತಿದ್ದರೂ ಅವಳು ಬಗ್ಗಿ ಮೂಗಿನ ಬಳಿ ಕೈ ಹಿಡಿದಳು.

"ಜೀವಂತ ಅದೀನ್ರಿ ವೈನಿ," ಎಂದ ಅವನು, ಕಣ್ಣು ತೆರೆಯದೆ.

ಅವಳು ಕೈ ತೆಗೆಯಲಿಲ್ಲ.