ನೀಲಕ್ಕನ ಮನೆಯ ಸಾರವ್ವ

ಬೆಳಗಿನ ಐದೂವರೆ. ನವಲಗುಂದದ ಓಣಿಯೊಂದರ ಮನೆಯಲ್ಲಿ ಸಾರವ್ವ ಎಂಬತ್ತೊಂದರ ನೀಲಕ್ಕನನ್ನು ಮೆಲ್ಲಗೆ ಮಗ್ಗುಲು ಹೊರಳಿಸುತ್ತಿದ್ದಾರೆ. ಬಿದ್ದು ಸೊಂಟ ಮುರಿದುಕೊಂಡ ನೀಲಕ್ಕ ಹಾಸಿಗೆ ಹಿಡಿದು ಮೂರು ವರ್ಷ. ಬಿಸಿನೀರಿನ ಹದವನ್ನು ಸಾರವ್ವ ಮೊಣಕೈಯಿಂದ ನೋಡುತ್ತಾರೆ, ಅಂಗೈಯನ್ನು ನಂಬುವುದಿಲ್ಲ. "ದುಡದ ಕೈ ರೀ ಇದು, ಇದಕ್ಕ ಕುದಿಯೋ ನೀರೂ ತಣ್ಣಗ."

ಐವತ್ತಾರರ ಸಾರವ್ವ ಕ್ರೈಸ್ತರು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷ ಆಯಾ ಆಗಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಎದ್ದು ಓಡಾಡಲಾಗದವರ ಆರೈಕೆಗೆ ನಿಂತರು. ದಿನಕ್ಕೆ ನಾಲ್ಕು ಮನೆ, ಮನೆಗೆ ಮುಕ್ಕಾಲು ತಾಸು. ಮಂಡಿನೋವು ಅವರಿಗೂ ಇದೆ, ಕೇಳಿದರೆ ಮಾತು ಬದಲಿಸುತ್ತಾರೆ. ಸಮಾಜಸೇವೆ ಎಂದರೆ ನಗುತ್ತಾರೆ. ಹೆತ್ತ ಮಕ್ಕಳೇ ಮೂಗು ಮುಚ್ಚಿಕೊಳ್ಳುವ ಕೆಲಸವನ್ನು ಈಕೆ ನಗಿಸುತ್ತಾ ಮುಗಿಸುವುದನ್ನು ಕಂಡು, ನಿಜ ಹೇಳಬೇಕೆಂದರೆ, ನನಗೆ ನಾಚಿಕೆಯಾಯಿತು.

ನೀಲಕ್ಕನ ಮನೆಯಲ್ಲಿ ಮಾತ್ರ ಒಮ್ಮೆ ಎಡವಟ್ಟಾಗಿತ್ತು. ಬಂದ ಎರಡನೆಯ ವಾರ ಮೈ ತೊಳೆಯುವಾಗ ನೀಲಕ್ಕನ ಕೊರಳಲ್ಲಿದ್ದ ಇಷ್ಟಲಿಂಗದ ದಾರ ಒದ್ದೆಯಾಯಿತು. ಆಸ್ಪತ್ರೆಯಲ್ಲಿ ದಾರ, ಸರ ಎಲ್ಲ ಬಿಚ್ಚಿಡುವುದೇ ರೂಢಿ. ಅದೇ ರೂಢಿಯಲ್ಲಿ ಸಾರವ್ವ ಲಿಂಗವನ್ನು ಬಿಚ್ಚಿ, ಒಣಗಲೆಂದು ಕಿಟಕಿಯಲ್ಲಿ ಇಟ್ಟುಬಿಟ್ಟರು. ಉಸಿರಿರುವ ತನಕ ಅದು ಮೈ ಬಿಟ್ಟಿರಬಾರದೆಂದು ಅವರಿಗೆ ಗೊತ್ತಿರಲಿಲ್ಲ. ನೀಲಕ್ಕ ಗೋಡೆಗೆ ಮುಖ ಮಾಡಿದರು. ಮಠದ ಅಯ್ಯನವರು ಬಂದು ಮತ್ತೆ ಕಟ್ಟುವ ತನಕ ಒಂದು ತುತ್ತೂ ಮುಟ್ಟಲಿಲ್ಲ. ಮಗ ಕಾಶಿನಾಥ, ನಾಳೆಯಿಂದ ಬರುವುದು ಬೇಡ ಎಂದುಬಿಟ್ಟರು.

ಹೋಗದಿದ್ದರೆ ಮಲಗಿ ಮಲಗಿ ನೀಲಕ್ಕನ ಬೆನ್ನಿಗಾದ ಹುಣ್ಣು ಕೊಳೆಯುತ್ತದೆಂದು ಸಾರವ್ವನಿಗೆ ಗೊತ್ತಿತ್ತು. ಬೇಡ ಅಂದ ಮನೆಗೇ ಮರುದಿನ ಹೋಗಿ ಹೊಸ್ತಿಲಾಚೆ ನಿಂತರು. ನೆಪ ಹೇಳಲಿಲ್ಲ.

"ತಪ್ಪಾತ್ರಿ ನೀಲಕ್ಕಾರ. ನಿಮ್ಮ ಪದ್ಧತಿ ನನಗ ಗೊತ್ತಿಲ್ಲ, ನೀವ ಕಲಿಸ್ರಿ."

ಒಳಗಿನಿಂದ ನೀಲಕ್ಕನೇ ಕರೆದರು: "ಒಳಗ ಬಾ ಬೇ. ಬೆನ್ನು ಉರಿಯಾಕತ್ತೈತಿ."

ಈಗ ಸ್ನಾನದ ಬಳಿಕ ವಿಭೂತಿ, ಹೂವು ಜೋಡಿಸಿಡುವುದೂ ಸಾರವ್ವನೇ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ನೀಲಕ್ಕನ ಕೈ ನಡುಗುತ್ತದೆ. ಆ ಕೈಯ ಮಣಿಕಟ್ಟನ್ನು ಕೆಳಗಿಂದ ಹಿಡಿದು, ಪೂಜೆ ಮುಗಿಯುವ ತನಕ ಸಾರವ್ವ ನೋಯುವ ಮಂಡಿಯನ್ನೇ ಊರಿ ಕೂತಿರುತ್ತಾರೆ. ಇದು ನಿಮ್ಮವರಿಗೆ ಸರಿಬರುತ್ತದೆಯೇ ಎಂದು ಕೇಳಿದೆ. ಚರ್ಚಿನಲ್ಲೂ ಒಬ್ಬಿಬ್ಬರು ಕೇಳಿದ್ದಾರಂತೆ.

"ಯೇಸುಸ್ವಾಮಿ ಶಿಷ್ಯರ ಕಾಲು ತೊಳದ್ರು. ನಾ ಒಂದು ಕೈ ಹಿಡಿತೀನಿ, ಅಷ್ಟರಿ. ನನ್ನ ಪ್ರಾರ್ಥನಿ ನಾ ಮನ್ಯಾಗ ಮಾಡ್ತೀನಿ. ಅದರಾಗ ನೀಲಕ್ಕಾರ ಹೆಸರೂ ಇರ್ತೈತಿ."

ಕಳೆದ ತಿಂಗಳು ನೀಲಕ್ಕ ಮಗನನ್ನು ಹತ್ತಿರ ಕೂರಿಸಿಕೊಂಡು ಒಂದು ಮಾತು ಹೇಳಿದ್ದಾರೆ. ತಾನು ಲಿಂಗೈಕ್ಯಳಾದ ದಿನ ಕಡೆಯ ಸ್ನಾನವನ್ನು ಸಾರವ್ವನೇ ಮಾಡಿಸಬೇಕು, ನೆಂಟರು ಏನೇ ಅನ್ನಲಿ. ಅಂದು ಬಾಗಿಲು ಮುಚ್ಚಿದ್ದ ಕಾಶಿನಾಥ ಇಂದು ಹೂಂ ಎಂದಿದ್ದಾರೆ. ಇದನ್ನು ಹೇಳುವಾಗ ಸಾರವ್ವನ ಕಣ್ಣು ತುಂಬಿತು. ನಿಮ್ಮ ಆಸೆ ಏನು ಎಂದು ಕೇಳಿದೆ.

"ಅಷ್ಟು ನಂಬ್ಯಾರಲ್ರಿ, ನನಗ ಸಾಕು. ಆದ್ರ ಆ ಕೆಲಸ ಲಗೂ ಬರಬಾರದು. ಅವರು ಇನ್ನೂ ಹತ್ತು ವರ್ಷ ನನ್ನ ಬೈಕೋಂತ ಇರ್ಲಿ."