ಮಂಡಿಗೆ ಹಾಕಿದ ಹೊಗೆ

ಡೆಂಗಿ ಹಬ್ಬಿದ್ದ ಆ ಮಳೆಗಾಲದಲ್ಲಿ ನನ್ನ ಚಿಕ್ಕಪ್ಪನಿಗೆ ಜ್ವರಕ್ಕಿಂತ ಜ್ವರದ ಲೆಕ್ಕದ ಮೇಲೇ ಹೆಚ್ಚು ಸಿಟ್ಟು. ಅವರ ಮನೆ ಶೆಟ್ಟಿಕೆರೆಯಲ್ಲಿ, ಕೊಬ್ಬರಿ ಮಂಡಿ ತಿಪಟೂರಿನಲ್ಲಿ. ಊರೂರಿನ ಅಂಕಿ ಮೊಬೈಲಿಗೆ ಬಂದ ಕೂಡಲೇ ಗಟ್ಟಿಯಾಗಿ ಓದಿ, "ಎಲ್ಲಾ ಬುರುಡೆ ಕಣ್ರೀ, ಔಷಧಿ ಮಾರಕ್ಕೆ ಏರ್ಸವ್ರೆ" ಎನ್ನುತ್ತಿದ್ದರು.

ಪಕ್ಕದ ಅಂಗಡಿಯ ಟೈಲರ್ ಭಾಯಿಯದು ಪೂರ್ತಿ ಉಲ್ಟಾ ವಾದ. "ಏರ್ಸಿಲ್ಲ, ಮುಚ್ಚವ್ರೆ. ನೀವು ನಾಕು ಕೊಬ್ಬರಿ ಕಿವಿ ಹತ್ರ ಅಲ್ಲಾಡ್ಸಿ ರಾಶಿಗೆಲ್ಲ ರೇಟು ಕಟ್ಟಲ್ವಾ? ಅವರೂ ಅಂಗೇಯ, ನಾಕು ಜನದ ರಕ್ತ ನೋಡಿ ಊರಿಗೆಲ್ಲ ಇಷ್ಟೇ ಅಂತಾರೆ."

"ನಾನು ಅಲ್ಲಾಡ್ಸಿದ್ದು ಯಾವತ್ತಾದ್ರೂ ಸುಳ್ಳಾಗೈತಾ?" ಎಂದು ಚಿಕ್ಕಪ್ಪ ಒಂದು ಕೊಬ್ಬರಿಯನ್ನು ಭಾಯಿಯ ಕಿವಿಗೇ ಹಿಡಿದರು. ಹೊಲಿಗೆ, ವ್ಯಾಪಾರ ಎರಡೂ ನಿಂತವು.

ಆಮೇಲೆ ಚಿಕ್ಕಪ್ಪನಿಗೇ ಜ್ವರ ಬಂತು. ಮೈ ಕೆಂಡ, ಆದರೂ ಪರೀಕ್ಷೆಗೆ ರಕ್ತ ಕೊಡಲು ಒಲ್ಲರು. "ಅವರ ಸುಳ್ಳು ಲೆಕ್ಕಕ್ಕೆ ನಾನ್ಯಾಕೆ ಸೇರ್ಲಿ?" ನನಗೆ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ರೇಗಿಹೋಗಿತ್ತು. ಕೊನೆಗೆ ಚಿಕ್ಕಮ್ಮ, "ಲೆಕ್ಕದ ಮನೆ ಹಾಳಾಗ್ಲಿ, ಏಳ್ರೀ ಮೇಲೆ" ಎಂದು ಗದರಿ ತಿಪಟೂರಿನ ಆಸ್ಪತ್ರೆಗೆ ಕರೆದೊಯ್ದರು. ಡೆಂಗಿಯೇ. ವಿಳಾಸ ಕೇಳಿದಾಗ ಚಿಕ್ಕಪ್ಪ ಮಂಡಿಯದನ್ನೇ ಹೇಳಿದರು. ಲಾರಿ ಲೋಡಿನಿಂದ ಹಿಡಿದು ಮದುವೆ ಕಾರ್ಡಿನವರೆಗೆ ಅವರಿಗೆ ಬರುವುದೆಲ್ಲ ಅಲ್ಲಿಗೇ.

ಹುಷಾರಾಗಿ ಮನೆಗೆ ಬಂದವರು ಮೊದಲು ನೋಡಿದ್ದು ಮೊಬೈಲು. ಶೆಟ್ಟಿಕೆರೆಯ ಎದುರು ಸೊನ್ನೆ. "ಹಂಗಾರೆ ನಾನು ಮಲಗಿದ್ದು ಸುಳ್ಳೇನ್ಲಾ?" ಎಂದು ನನ್ನ ಮೇಲೆ ಕೂಗಾಡಿದರು.

ಅಷ್ಟರಲ್ಲಿ ಸೊಳ್ಳೆ ಹೊಗೆಯ ಮೆಷಿನ್ನಿನವರು ಆಸ್ಪತ್ರೆಯಲ್ಲಿ ಬರೆಸಿದ್ದ ವಿಳಾಸ ಹುಡುಕಿಕೊಂಡು ಮಂಡಿಗೆ ಹೋಗಿ, ಸೊಳ್ಳೆಯೇ ಇಲ್ಲದ ಒಣ ಕೊಬ್ಬರಿ ರಾಶಿಗೆ ಮನಸಾರೆ ಹೊಗೆ ಹಾಕಿದ್ದರು. ಕೊಳ್ಳಲು ಬಂದವರು ಕೊಬ್ಬರಿ ಮೂಸಿ, ಮೂಗು ಮುಚ್ಚಿಕೊಂಡು ವಾಪಸ್ಸಾದರು. ಇತ್ತ ಮನೆಯ ಹಿತ್ತಿಲಲ್ಲಿ ಗುಡ್ಡೆ ಬಿದ್ದಿದ್ದ ತೆಂಗಿನ ಚಿಪ್ಪುಗಳ ತುಂಬಾ ಮಳೆ ನೀರು, ನೀರಿನ ತುಂಬಾ ಸೊಳ್ಳೆಮರಿ. ಸೊನ್ನೆಯ ಊರಿಗೆ ಯಾರು ಬರುತ್ತಾರೆ? ಬೈದುಕೊಂಡು ನಾನೇ ಒಂದೊಂದಾಗಿ ಬೋರಲು ಹಾಕಿದೆ. ತಡವಾಗಿತ್ತು. ಚಿಕ್ಕಮ್ಮನೂ ಜ್ವರ ಹಿಡಿದು ಮಲಗಿದರು.

ಮತ್ತೆ ಅದೇ ಆಸ್ಪತ್ರೆ. ಚೀಟಿ ಬರೆಯುವ ಕಿಟಕಿಯೊಳಗಿನ ಹುಡುಗಿ ಹಳೆಯ ವಿಳಾಸವೇ ತಾನೇ ಎಂದಳು. ಚಿಕ್ಕಪ್ಪ ಒಂದು ಕೈಯಲ್ಲಿ ಚಿಕ್ಕಮ್ಮನ ಬಿಸಿ ಕೈ ಹಿಡಿದುಕೊಂಡೇ ಕಿಟಕಿಗೆ ಬಗ್ಗಿದರು.

"ಮಂಡಿ ಬ್ಯಾಡ ಕಣವ್ವ, ಶೆಟ್ಟಿಕೆರೆ ಅಂತ ಬರ್ಕೊ. ಇವಳನ್ನ ಮಾತ್ರ ಬುಡಬ್ಯಾಡ, ಎಣಿಸ್ಕೊ."